ಸಾಯದ ಮಾವ

ಹುಣಸೂರಿನ ಹಾಸ್ಟೆಲ್ ಹುಡುಗಿಯರಿಗೆ ‘ರಕ್ತಬಳ್ಳಿ ರಾಣಿ’ ಎಂದರೆ ಪ್ರಾಣ. ಹಳೆಯ, ಹರಕು ಸಿನಿಮಾ. ಚಿರತೆಯ ಬಾಲ ಹೀರೋನ ಕೈಗೇ ಕಿತ್ತು ಬರುತ್ತದೆ. ರಾಣಿ ಬಾಯಿ ಮುಚ್ಚಿದ ಮೇಲೂ ಅವಳ ಕಿರುಚಾಟ ಕೇಳುತ್ತದೆ. ಒಳ್ಳೆಯ ಸಿನಿಮಾ ಹಾಕಿದರೆ ಆಕಳಿಸುವವರು ಇದನ್ನು ಮಾತ್ರ ಬಿಟ್ಟ ಕಣ್ಣು ಬಿಟ್ಟಂತೆ ನೋಡುವುದೇಕೆಂದು ವನಿತಾಗೆ ಬಗೆಹರಿದಿರಲಿಲ್ಲ. ಅವಳೂ ಹಾಗೇ ನೋಡುತ್ತಿದ್ದಳು. ಎಲ್ಲರ ಮುದ್ದಿನವನು ಒಬ್ಬ ಕಾಡುಮನುಷ್ಯ. ಮುಖದ ತುಂಬ ಮಸಿ, ತಲೆಗೆ ಕೋಳಿಪುಕ್ಕ. ಗುಂಡೇಟಿಗೆ ಸಾಯುತ್ತಾನೆ, ಮುಂದಿನ ಸೀನಿಗೆ ಈಟಿ ಹಿಡಿದು ಹಾಜರು. “ಸಾಯದ ಮಾವ ಬಂದ ಕಣ್ರೇ!” ಎಂದು ರಮ್ಯ ಶಿಳ್ಳೆ ಹಾಕುತ್ತಿದ್ದಳು.

ರಜೆಗೆ ಬೇಗೂರಿನ ಹತ್ತಿರ ಕಾಡಂಚಿನಲ್ಲಿರುವ ತನ್ನ ಬುಡಕಟ್ಟಿನವರ ಹಾಡಿಗೆ ಬಂದ ವನಿತಾ ಅದನ್ನು ಅಜ್ಜಿ ಚಿಕ್ಕಮಾದಿಗೆ ಫೋನಿನಲ್ಲಿ ತೋರಿಸಿದಳು. ಸಾಯದ ಮಾವ ಬರುತ್ತಲೇ ಅಜ್ಜಿ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು.

“ಇವ ನಿಮ್ ತಾತ ಕಣವ್ವ. ಆ ನಡಿಗೆ ನೋಡು. ನಮ್ ಕಾಡಲ್ಲೇ ಸಿನ್ಮಾ ತೆಗ್ದು, ನಮ್ಮೋರ್ನೇ ಕಾಡುಮನುಸ್ರು ಮಾಡಿದ್ರು.”

ವನಿತಾ ಹುಟ್ಟುವ ಮೊದಲೇ ತೀರಿಕೊಂಡ ತಾತ, ಬೆಳ್ಳ. ಮನೆಯಲ್ಲಿ ಅವನದೊಂದು ಫೋಟೋ ಕೂಡ ಇಲ್ಲ.

ಅಜ್ಜಿ ಪರದೆಗೆ ಮೂಗು ತಾಗಿಸಿದಳು. “ಮಸಿ ಮೆತ್ತವ್ರೆ, ಮೊಕ್ವೇ ಕಾಣಾಕಿಲ್ಲ. ಕೊನೇಲಿ ಮದ್ವೆ ಸೀನಿತ್ತು. ನಮ್ಮೋರ್ ಮೊಕ ತೊಳ್ಸಿ ನೆಂಟ್ರು ಮಾಡಿ ನಿಲ್ಸಿದ್ರು. ಕ್ಯಾಮ್ರಾ ನೋಡ್ದೋನ್ನ ಕಿತ್ತಾಕ್ತೀನಿ ಅಂತ ಡೈರೆಕ್ಟ್ರು ಕೂಗಾಡ್ತಿದ್ದ. ಇವ ಅದ್ನೇ ನೋಡೋನು. ಮಡಗವ್ರಾ, ಕಿತ್ತಾಕವ್ರಾ?”

“ಗೊತ್ತಿಲ್ಲಜ್ಜಿ. ರಾಣಿ ಸತ್ ಮೇಲೆ ನಾವ್ಯಾರೂ ನೋಡೇ ಇಲ್ಲ.”

ಪರದೆಯ ಮೇಲೆ ಬೆಳ್ಳ ಮರದಿಂದ ಬಿದ್ದು ಸತ್ತ. “ಬುಡು, ಎದ್ ಬತ್ತಾನೆ,” ಎಂದಳು ಅಜ್ಜಿ. ಎದ್ದು ಬಂದ. ಗುಡಿಸಲಿನಲ್ಲಿ ಬೆಂದ. ಮತ್ತೆ ಬಂದ. ಕೊನೆಗೆ ಬಾಂಬು ಸಿಡಿದು ರಾಣಿಯೊಂದಿಗೆ ಹಾಡಿಗೆ ಹಾಡಿಯೇ ಬೂದಿಯಾಯಿತು. ಈ ಸಲ ಅಜ್ಜಿ ಫೋನನ್ನು ತನ್ನ ಕೈಗೇ ತೆಗೆದುಕೊಂಡಳು.

ವಾಲಗ ಮೊಳಗಿತು. ಹೀರೋ ತಾಳಿ ಕಟ್ಟುತ್ತಿದ್ದ. ಅವನ ಹೆಗಲ ಹಿಂದೆ, ಯಾರದೋ ದೊಗಳೆ ಬಿಳಿ ಅಂಗಿಯಲ್ಲಿ, ತೊಳೆದ ಮುಖದವನೊಬ್ಬ. ಎಲ್ಲರ ಕಣ್ಣೂ ಹೆಣ್ಣಿನ ಮೇಲೆ. ಅವನೊಬ್ಬ ಮಾತ್ರ ಅಕ್ಷತೆ ಕೈಯಲ್ಲೇ ಹಿಡಿದು, ನೆಟ್ಟಗೆ ಇವರನ್ನೇ ನೋಡುತ್ತಿದ್ದ.

ವನಿತಾ ಕೈ ಚಾಚಿ ಸಿನಿಮಾವನ್ನು ಅಲ್ಲೇ ನಿಲ್ಲಿಸಿದಳು. ಅಚ್ಚುಕಟ್ಟಿನ ಡೈರೆಕ್ಟರಾಗಿದ್ದರೆ ಇದನ್ನು ಉಳಿಸುತ್ತಿರಲಿಲ್ಲ.

“ಒಂದಿನ್ವಾದ್ರೂ ಯೋಳಿದ್ ಮಾತ ಕೇಳುದ್ನಾ ನೋಡು, ಮುಂಡೇದು!” ಅಜ್ಜಿ ಬಾಯ್ತುಂಬ ನಗುತ್ತ ಬೈದಳು. ಫೋನು ಮಾತ್ರ ವಾಪಸು ಕೊಡಲಿಲ್ಲ.