ಎಳೆದರೆ ಬಿಚ್ಚುವ ಗಂಟು

ದಾರದ ತುದಿ ಪೊರಕೆಯಂತೆ ಕೆದರಿದೆ, ಶೂವಿನ ತೂತಿಗೆ ಹೋಗುತ್ತಿಲ್ಲ, ಅವಳು ಅದನ್ನು ತುಟಿಯಲ್ಲಿ ಒದ್ದೆ ಮಾಡಿ ಹೊಸೆದು ಮತ್ತೆ ತೂರಿಸುತ್ತಾಳೆ, ಈ ಕಡೆ ಒಂದು ತೂತು, ಆ ಕಡೆ ಒಂದು ತೂತು, ನಾಲಿಗೆಗೆ ನಿನ್ನೆಯ ಧೂಳಿನ ರುಚಿ — ಎದುರಿಗೆ ಮೆಟ್ಟಿಲ ಮೇಲೆ ಪುಟ್ಟಿ, ಅಕ್ಕನ ಮಗಳು, ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಬರೀ ಕಾಲುಚೀಲ, ಕಣ್ಣು ಗೋಡೆಯ ಮೇಲೆ. ಬೆಳಿಗ್ಗೆ ಎದ್ದು ನೋಡಿದರೆ ಲೇಸ್ ಪೂರ್ತಿ ಕಿತ್ತು ನೆಲದ ಮೇಲೆ ಬಿದ್ದಿತ್ತು, ಯಾರು ಕಿತ್ತಿದ್ದು ಅಂತ ಅವಳು ಕೇಳಲಿಲ್ಲ, ಕೇಳುವ ಮುಖ ತನಗಿಲ್ಲ. ಪುಟ್ಟಿಗೆ ಮಾತು ಮೊದಲಿನಿಂದಲೂ ಕಡಿಮೆ, ಒಂಬತ್ತು ತುಂಬಿದರೂ ಬೆರಳಲ್ಲಿ ಎಣಿಸುವಷ್ಟು ಶಬ್ದ, ಆದರೆ ಮಾತು ಬಾರದೆ ಇರುವುದು ಬೇರೆ, ಮಾತು ಬಿಡುವುದು ಬೇರೆ, ದಿನವೂ ಕೈ ಹಿಡಿದು ಸ್ಕೂಲಿಗೆ ಕರೆದೊಯ್ಯುವ ಚಿಕ್ಕಮ್ಮನಿಗೆ ಅಷ್ಟು ತಿಳಿಯದೆ ಹೋಗುತ್ತದೆಯೇ. ಒಳಗೆ ಅಕ್ಕ ಪಾತ್ರೆ ತೊಳೆಯುತ್ತಾ ಏನೋ ಗುನುಗುತ್ತಿದ್ದಾಳೆ, ಅಕ್ಕ ಗುನುಗಿದ್ದು ಕೇಳಿ ಎಷ್ಟು ಕಾಲವಾಯಿತು, ಗೆದ್ದು ಬಂದಿದ್ದೇವಲ್ಲ ನಿನ್ನೆ, ಗುನುಗಲಿ ಪಾಪ.

ಗೆದ್ದಿದ್ದು ನಿಜ. ಕ್ಲಾಸಿನಲ್ಲಿ ಪುಟ್ಟಿಯ ಪಕ್ಕ ಕೂರುತ್ತಿದ್ದ ಸಹಾಯಕಿಯನ್ನು ಸ್ಕೂಲಿನವರು ರಜೆ ಮುಗಿದದ್ದೇ ತೆಗೆದುಬಿಟ್ಟಿದ್ದರು, ಮಾತು ಕಲಿಸುವ ಟೀಚರನ್ನೂ ನಿಲ್ಲಿಸಿದ್ದರು, ಮಗು ತುಂಬ ಸುಧಾರಿಸಿದೆ, ಇನ್ನು ಇದೆಲ್ಲ ಬೇಕಿಲ್ಲ ಅಂದರು. ಅಲ್ಲಿಯವರೆಗೆ ಪುಟ್ಟಿ ಉಸಿರಾಡಿದರೂ ದೂರು ಹೇಳುತ್ತಿದ್ದವರು. ಅಟ್ಟಕ್ಕೇರಿಸಿ ಏಣಿ ತೆಗೆಯೋದು ಅಂದ್ರೆ ಇದೇ, ಭಾವ ನಕ್ಕಿದ್ದರು, ನಗುವ ಹೊತ್ತಲ್ಲದಿದ್ದರೂ ಭಾವ ನಗುತ್ತಾರೆ, ಅಕ್ಕನಿಗೆ ಅದೇ ಸಿಟ್ಟು. ಆಮೇಲೊಂದು ಮಧ್ಯಾಹ್ನ ಪುಟ್ಟಿ ಸ್ಕೂಲಿನ ಗೇಟು ದಾಟಿ ರಸ್ತೆಯ ನಡುವೆ ನಿಂತಿದ್ದಳು, ಹಾಲಿನ ವ್ಯಾನಿನವನು ಬ್ರೇಕ್ ಒತ್ತಿದ ಸದ್ದು ಮೂರನೇ ಮನೆಗೆ ಕೇಳಿತಂತೆ. ಅವತ್ತಿನಿಂದ ಅಕ್ಕ ಮನುಷ್ಯಳಾಗಿರಲಿಲ್ಲ. ಆಫೀಸು ಆಫೀಸು ಅಲೆದು ದೂರು ಕೊಟ್ಟಳು, ಕೊನೆಗೆ ದೂರಿನ ವಿಚಾರಣೆಗೆ ಮುಂಚೆ ಸ್ಕೂಲಿನವರ ಜೊತೆ ಒಂದು ಸಲ ಕೂತು ಮಾತಾಡಿ ಅಂತ ಮೇಲಿನವರು ಒಬ್ಬ ಮೇಡಂನ ಗೊತ್ತು ಮಾಡಿದರು, ಆ ಕಡೆಗೂ ಇಲ್ಲ ಈ ಕಡೆಗೂ ಇಲ್ಲ, ಭಾವ ಅವರಿಗೆ ರಾಜಿ ಮೇಡಂ ಅಂತಲೇ ಹೆಸರಿಟ್ಟರು. ನಿನ್ನೆ ಹೋಗುವಾಗ ಬಸ್ಸಿನಲ್ಲಿ ಅಕ್ಕ ಕಿವಿಯ ಹತ್ತಿರ ಬಂದು ಹೇಳಿದ್ದು ಈಗಲೂ ಅಲ್ಲೇ ಬೆಚ್ಚಗೆ ಕೂತಿದೆ — ನೋಡು, ನಿನ್ನನ್ನ ಕೇಳಿದ್ರೆ ಅವಳಿಗೆ ಬಾರದ್ದನ್ನ ಮಾತ್ರ ಹೇಳು, ಬರೋದನ್ನ ಹೇಳೋಕೆ ಅವರಿದ್ದಾರೆ, ಅಲ್ಲಿ ನಮ್ಮ ಮಗೂನ ನಾವೇ ಹೀಗಳೀಬೇಕು ಕಣೆ, ಇಲ್ಲಾಂದ್ರೆ ಏನೂ ಸಿಗಲ್ಲ. ಪುಟ್ಟಿ ನಡುವೆ ಕೂತು ಕಿಟಕಿ ನೋಡುತ್ತಿದ್ದಳು, ಕಿವಿ ಕಿಟಕಿಯಲ್ಲಿರಲಿಲ್ಲ.

ತೂತುಗಳು ಮುಗಿಯುತ್ತಿವೆ, ಇನ್ನೆರಡು, ಕೈ ನಿಧಾನ ಮಾಡಿದರೆ ಬೆಳಿಗ್ಗೆಯೂ ನಿಧಾನವಾದೀತು — ನಿನ್ನೆಯ ಆ ದುಂಡು ಮೇಜು, ಗಾಜಿನ ಜಗ್ಗು, ಯಾರೂ ಕುಡಿಯದ ನೀರು, ಅವಳಿಗೂ ಪುಟ್ಟಿಗೂ ಬಾಗಿಲ ಹತ್ತಿರ ಎರಡು ಕುರ್ಚಿ. ಅಕ್ಕ ಶುರು ಮಾಡಿದಳು, ಅನ್ನ ಚೆಲ್ಲದೆ ತಿನ್ನೋಕೆ ಬರಲ್ಲ, ಬಾತ್ರೂಮಿಗೆ ಹೋಗಬೇಕು ಅಂತ ಹೇಳೋಕೆ ಬರಲ್ಲ, ಗುಂಡಿ ಹಾಕೋಕೆ ಬರಲ್ಲ, ರಸ್ತೆ ಅಂದ್ರೆ ಏನು ಅಂತ ಗೊತ್ತಾಗಲ್ಲ, ಬರಲ್ಲ ಬರಲ್ಲ ಬರಲ್ಲ, ಒಂದೊಂದು ಬರಲ್ಲಕ್ಕೂ ಅಕ್ಕನ ಮುಖ ತಾನೇ ಏಟು ತಿಂದಂತೆ ಆಗುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ಸ್ಕೂಲಿನ ಹೆಡ್ ಮೇಡಂ ತಮ್ಮ ಸರದಿಗೆ ಕಾದಿದ್ದು ನಕ್ಕರು. ಹೋದ ವಾರ ತಾನಾಗೇ ಶೂ ಕಟ್ಕೊಂಡಳು, ಸ್ಟಾಫ್ ರೂಮಿನವರೆಲ್ಲ ನೋಡಿದ್ದೀವಿ, ಅಷ್ಟು ಚುರುಕು ಮಗುವಿಗೆ ದಿನಪೂರ್ತಿ ಒಬ್ಬರು ಯಾಕೆ. ಯಾವತ್ತೋ ಒಂದಿನ ಯಾರೋ ಕಟ್ಟಿರಬೇಕು, ಅಕ್ಕ ಅಂದಳು, ಧ್ವನಿ ಒಡೆದಿತ್ತು. ಅಕ್ಕನಿಗೆ ಗೊತ್ತಿರಲಿಲ್ಲ, ಅದೊಂದು ಅಕ್ಕನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕಲಿಸಿದ್ದು ತಾನು, ಈ ಮೆಟ್ಟಿಲ ಮೇಲೆ, ಪುಟ್ಟಿ ಮತ್ತು ಅವಳು ಇಬ್ಬರೇ ಇದ್ದಾಗ, ಲೇಸಿನ ಒಂದೊಂದು ಕುಣಿಕೆ ಒಂದೊಂದು ಮನೆ, ಇದು ನಿಮ್ಮನೆ, ಇದು ನಮ್ಮನೆ, ಈಗ ಬಾಗಿಲಲ್ಲಿ ನುಗ್ಗಿ ಬಾ, ಎಷ್ಟು ಸಲ ಮನೆ ಕುಸಿದುಬಿತ್ತು, ಬಿದ್ದಾಗಲೆಲ್ಲ ಇಬ್ಬರೂ ನಕ್ಕರು, ನಿಂತಾಗ ಶೂವಿನ ಮೂತಿಯ ಮೇಲೆ ಎರಡು ಸಲ ಟಕ್ ಟಕ್ ಅಂತ ತಟ್ಟಬೇಕು, ಅದು ಪುಟ್ಟಿಯದೇ ಕಾನೂನು. ಹಬೆಯಾಡುವ ತಿಂಡಿಯಂತೆ ಒಂದಿನ ಅಕ್ಕನ ಮುಂದೆ ಇಡಬೇಕು ಅಂತ ಮುಚ್ಚಿಟ್ಟಿದ್ದಳು. ಬೇಗ ಹೇಳಿದ್ದರೆ. ಹೇಳುವುದಕ್ಕೆ ಮೊದಲೇ ಸ್ಕೂಲಿನವರು ನೋಡಿಬಿಟ್ಟರಲ್ಲ.

ಮಗು ಇಲ್ಲೇ ಇದೆಯಲ್ಲ, ನೋಡೋಣ, ರಾಜಿ ಮೇಡಂ ಕನ್ನಡಕ ಹುಡುಕುತ್ತಾ ಏಳುತ್ತಿದ್ದರು. ಶೂ ಅನ್ನುವ ಶಬ್ದ ಪುಟ್ಟಿಗೆ ಗೊತ್ತು. ಅಷ್ಟು ಹೊತ್ತು ಬರಲ್ಲ ಬರಲ್ಲ ಕೇಳಿ ಕೇಳಿ ಭುಜದೊಳಕ್ಕೆ ಹೋಗಿದ್ದ ಕತ್ತು ಹೊರಗೆ ಬಂತು, ಬಗ್ಗಿ ಒಂದು ಶೂವಿನ ಲೇಸ್ ಬಿಚ್ಚಿದಳು, ನಾಲಿಗೆ ಕಚ್ಚಿಕೊಂಡು ಮತ್ತೆ ಕಟ್ಟಿದಳು, ನಿಮ್ಮನೆ, ನಮ್ಮನೆ, ಬಾಗಿಲು, ನುಗ್ಗಿ ಬಂತು — ಮೇಜು ಅಡ್ಡವಿದ್ದು ಆ ಕಡೆ ಕೂತ ಯಾರಿಗೂ ಕಾಣಲಿಲ್ಲ, ಯಾವತ್ತೂ ಬರದಷ್ಟು ಚೆಂದದ ಗಂಟು ಬಂದಿತ್ತು, ಎರಡು ಕುಣಿಕೆ ಸರಿಸಮ. ಕಾಲು ಚಾಚಿ ಮುಖ ಎತ್ತಿದಳು, ಟಕ್ ಟಕ್ ಮಾಡು ಅಂತ. ಚಿಕ್ಕಮ್ಮನ ಕೈ ಕೆಳಗೆ ಹೋಯಿತು. ತಟ್ಟುವುದಕ್ಕೇ ಹೋಗಿತ್ತು, ಈಗಲೂ ಹಾಗೆ ಅನ್ನಿಸುತ್ತದೆ, ಆದರೆ ಅಕ್ಕ ಅವಳ ಮುಖವನ್ನೇ ನೋಡುತ್ತಿದ್ದಳು, ಅಕ್ಕನ ಕಣ್ಣಿನಲ್ಲಿ ಆ ಹಾಲಿನ ವ್ಯಾನು ಇನ್ನೂ ನಿಂತಿತ್ತು, ಎರಡು ಬೆರಳು ಲೇಸಿನ ತುದಿ ಹಿಡಿದವು, ಎಳೆದವು. ಬಲವೇ ಬೇಕಾಗಲಿಲ್ಲ. ಎರಡೂ ಮನೆ ಒಟ್ಟಿಗೆ ಬಿದ್ದವು. ರಾಜಿ ಮೇಡಂ ಬಂದು ಬಗ್ಗಿ ಬಿಚ್ಚಿದ ಲೇಸ್ ನೋಡಿದರು, ಅವಳ ಕಡೆ ತಿರುಗಿ ಮೆಲ್ಲಗೆ ಕೇಳಿದರು, ದಿನಾ ಕರ್ಕೊಂಡು ಬರೋರು ನೀವಲ್ವಾ, ಕಟ್ಕೊಳ್ತಾಳಾ? ಅವಳದೇ ಎಷ್ಟೋ ವರ್ಷದ ಹಿಂದಿನ ಕ್ಲಾಸು, ಎದ್ದು ನಿಂತು ಓದು ಅಂದಾಗ ಮೊದಲ ಸಾಲಿಗೇ ತಡವರಿಸಿದ್ದು, ಕೂತ್ಕೋ, ನಿನ್ನ ಹತ್ರ ಆಗಲ್ಲ, ಆಮೇಲೆ ಏಳಲೇ ಇಲ್ಲ, ಸ್ಕೂಲನ್ನೇ ಬಿಟ್ಟಳು — ಅಂಥ ಮೇಜುಗಳ ಎದುರು ಹುಟ್ಟಿದಾಗಿನಿಂದ ಬಾಯಿಬಿಟ್ಟು ಆಡಿದ್ದು ಒಂದೇ ಮಾತು.

ಇಲ್ಲ.

ಕಟ್ಟಿಕೊಳ್ಳುತ್ತಾಳೆ, ಆದರೂ ಗೇಟಿನ ಹತ್ತಿರ ಒಬ್ಬರು ಬೇಕು. ಎರಡೂ ನಿಜ, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಹುದಿತ್ತು, ರಾಜಿ ಮೇಡಂ ಕೇಳುವ ಮುಖದವರೇ. ಈಗ ಹೊಳೆಯುತ್ತದೆ, ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಸಂಜೆಯೊಳಗೆ ಎಲ್ಲರೂ ಸಹಿ ಹಾಕಿದರು, ದಿನಪೂರ್ತಿ ಸಹಾಯಕಿ, ಮಾತಿನ ಟೀಚರೂ ವಾಪಸ್ಸು, ಹೊರಗೆ ಬಂದು ಅಕ್ಕ ಅವಳನ್ನು ತಬ್ಬಿಕೊಂಡು ಅತ್ತಳು, ನೀನಿಲ್ಲದಿದ್ದರೆ ಆಗ್ತಿರಲಿಲ್ಲ ಕಣೆ, ಭಾವ ಮೂಕಿಗೂ ಬಾಯಿ ಬಂತು ಅಂತ ಅವಳ ತಲೆಗೆ ಮೊಟಕಿದರು, ಪುಟ್ಟಿ ಬಸ್ಸಿನವರೆಗೂ ಲೇಸ್ ಎಳೆದುಕೊಂಡೇ ನಡೆದಳು. ಅಷ್ಟು ಧೂಳು ಅದರಿಂದಲೇ. ಈಗ ಶೂ ಕಾಲಿಗೆ ಏರಿಸಿದ್ದಾಯಿತು, ಕೊನೆಯ ತೂತಿನಿಂದ ಎರಡು ತುದಿ ಹೊರಗೆ ಬಂದಿವೆ, ಅವಳು ಕಟ್ಟುವುದಿಲ್ಲ, ಕೈ ಹಿಂದಕ್ಕೆ ತೆಗೆಯುತ್ತಾಳೆ. ನೀನೇ ಕಟ್ಟು ಪುಟ್ಟಿ. ಪುಟ್ಟಿಯ ಕೈ ಮಡಿಲಲ್ಲಿ, ಅಂಗೈ ಮೇಲಾಗಿ, ಯಾರದೋ ಕೈ ತಂದಿಟ್ಟ ಹಾಗೆ. ಇದು ನಿಮ್ಮನೆ, ಇದು ನಮ್ಮನೆ, ಅವಳು ಶುರು ಮಾಡಿ ನಿಲ್ಲಿಸುತ್ತಾಳೆ. ಹೊತ್ತಾಯ್ತು, ಒಳಗಿಂದ ಅಕ್ಕ, ಅವಳಿಗ್ಯಾಕೆ ತೊಂದರೆ ಕೊಡ್ತೀಯಾ ಬಿಡೇ, ಇನ್ಮೇಲೆ ಕಟ್ಟೋಕೆ ಅಂತಲೇ ಒಬ್ಬಳು ಇದ್ದಾಳಲ್ಲ. ಪುಟ್ಟಿ ಕಾಲು ಮುಂದಕ್ಕೆ ಚಾಚುತ್ತಾಳೆ, ನಿನ್ನೆ ಚಾಚಿದಷ್ಟೇ, ಮುಖ ಮಾತ್ರ ಎತ್ತುವುದಿಲ್ಲ. ಅವಳು ಶೂವಿನ ಮೂತಿಯ ಮೇಲೆ ತಟ್ಟುತ್ತಾಳೆ, ಟಕ್ ಟಕ್, ಕಟ್ಟದ ಗಂಟಿಗೆ — ಕಣ್ಣ ಮುಂದೆ ಮತ್ತೆ ನಿನ್ನೆ ಕೆಳಗೆ ಹೋದ ಕೈ, ಎರಡು ಬೆರಳು, ಬಲವೇ ಬೇಡದ ಆ ಎಳೆತ — ಒಂದೇ ಸಲ ಕಟ್ಟು ಪುಟ್ಟಿ, ಅನ್ನುತ್ತಾಳೆ, ಕಾಲು ಚಾಚಿಯೇ ಇದೆ, ಲೇಸಿನ ಎರಡು ತುದಿ ಎರಡು ಕಡೆ.