ಅಕ್ಕನ ಬಿಳಿ ಹಲ್ಲು, ನನ್ನ ಇದ್ದಿಲು ಪುಡಿ

ದೊಡ್ಡಪ್ಪನ ಮಗಳು ನನಗಿಂತ ಎರಡೇ ತಿಂಗಳು ದೊಡ್ಡವಳು. ಆದರೂ ಅಕ್ಕ ಎನ್ನಬೇಕು. ಅದನ್ನಾದರೂ ಸಹಿಸಬಹುದು, ಅವಳ ಹಲ್ಲನ್ನು ಸಹಿಸುವುದು ನನ್ನಿಂದ ಆಗುತ್ತಿರಲಿಲ್ಲ. ಅವಳು ನಕ್ಕರೆ ಇಡೀ ತರಗತಿ ಅತ್ತ ತಿರುಗುತ್ತಿತ್ತು. ನಾನು ನಗುವಾಗ ಬಾಯಿಗೆ ಅಂಗೈ ಅಡ್ಡ ಇಡುತ್ತಿದ್ದೆ.

ನಮ್ಮದು ದರ್ಜಿ ಮನೆ. ಅಮ್ಮ ಹೊಲಿಯುತ್ತಾಳೆ, ನಾನು ಗುಂಡಿ ಹಾಕುತ್ತೇನೆ. ಇರುವ ಒಂದು ಕತ್ತರಿ ಅಮ್ಮನ ಕೈಯಲ್ಲಿ, ಹಾಗಾಗಿ ನಾನು ದಾರವನ್ನು ಹಲ್ಲಲ್ಲೇ ಕಡಿಯುತ್ತಿದ್ದೆ. ಮುಂದಿನ ಹಲ್ಲಿನ ತುದಿಯಲ್ಲಿ ಸಣ್ಣ ಕಚ್ಚು ಬಿದ್ದಿತ್ತು, ಬುಡದಲ್ಲಿ ಹಳದಿ ಕಟ್ಟಿತ್ತು. ಬೆಳಗ್ಗೆ ಅರ್ಧ ನಿಮಿಷ ಬ್ರಷ್ ಆಡಿಸಿ ಓಡುವವಳಿಗೆ ಇನ್ನೇನಾಗುತ್ತದೆ?

ಶಾಲೆಯ ಹಾಡಿನ ತಂಡಕ್ಕೆ ಮುಂದೆ ನಿಂತು ಹಾಡುವವರು ಬೇಕಿತ್ತು. ದನಿ ನನ್ನದೇ ಚೆನ್ನ, ಇದನ್ನು ಅಕ್ಕನೂ ಒಪ್ಪುತ್ತಾಳೆ. ಆದರೆ ಟೀಚರ್, "ನೀನು ಬಾಯೇ ಬಿಡಲ್ವಲ್ಲಮ್ಮ. ಸೋಮವಾರ ಇನ್ನೊಂದು ಸಲ ಹಾಡಿ ತೋರಿಸು. ಇಲ್ಲಾಂದ್ರೆ ನಿಮ್ಮಕ್ಕನೇ ಹಾಡ್ಲಿ," ಎಂದರು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ವಾರದೊಳಗೆ ನನ್ನ ಹಲ್ಲನ್ನು ಅವಳದಕ್ಕಿಂತ ಬಿಳಿ ಮಾಡುತ್ತೇನೆಂದು ಹಠ ಹಿಡಿದೆ. ಇಸ್ತ್ರಿ ಪೆಟ್ಟಿಗೆಯ ಇದ್ದಿಲು ಕುಟ್ಟಿ, ಉಪ್ಪು ಬೆರೆಸಿ, ಗಸಗಸ ಉಜ್ಜಿದೆ. ಮೂರನೇ ದಿನ ಒಸಡಿನಿಂದ ರಕ್ತ ಬಂತು. ತಣ್ಣೀರು ಕುಡಿದರೆ ಜುಮ್ಮೆನ್ನುತ್ತಿತ್ತು.

"ರಕ್ತ ಬಂದ್ರೆ ಉಜ್ಜಲೇಬಾರದು," ಎಂದಳು ಅಜ್ಜಿ. "ನಮ್ಮ ಕಾಲದಲ್ಲಿ ಬ್ರಷ್ ಕಂಡೋರ್ಯಾರು? ನಮಗೇನಾಗಿದೆ?"

ಅಜ್ಜಿಯ ಬಾಯಲ್ಲಿ ಮೂರು ಹಲ್ಲಿದ್ದವು, ಮೂರೂ ಒಂದೇ ಕಡೆ. ಆದರೂ ಅವಳ ಮಾತು ಕೇಳಿ ನಾನು ಬ್ರಷ್ ಮುಟ್ಟುವುದನ್ನೇ ಬಿಟ್ಟೆ.

ಶನಿವಾರ ಅಕ್ಕ ಬಂದಾಗ ನಾನು ಕೆನ್ನೆ ಹಿಡಿದು ಕೂತಿದ್ದೆ.

"ಎಲ್ಲಿ, ಬಾಯಿ ತೆಗಿ."

"ನಿನಗ್ಯಾಕೆ? ನಿಂದು ಮುತ್ತಲ್ವಾ, ಹೋಗಿ ಹಾಡ್ಕೋ."

ಅಕ್ಕ ಬೆರಳು ಹಾಕಿ ತನ್ನ ಕೆನ್ನೆಯನ್ನೇ ಪಕ್ಕಕ್ಕೆ ಎಳೆದಳು. ಒಳಗೆ ಒಂದು ದವಡೆ ಹಲ್ಲು ಇರಲಿಲ್ಲ.

"ಹೋದ ವರ್ಷ ಕೀಳಿಸಿದ್ದು. ಮಿಠಾಯಿ ಚೀಪ್ತಾ ಹಾಗೇ ಮಲಗ್ತಿದ್ದೆ, ಹುಳುಕು ಹಿಡೀತು. ಅದು ಇನ್ನು ಹುಟ್ಟಲ್ಲ. ನಿನಗೆ ದನಿನೂ ಇದೆ, ಎಲ್ಲಾ ಹಲ್ಲೂ ಇದಾವೆ. ನನಗೆಷ್ಟು ಹೊಟ್ಟೆ ಉರೀತಿತ್ತು ಗೊತ್ತಾ?"

ಅವಳನ್ನು ಕಂಡು ನನಗೆ ಹೊಟ್ಟೆಕಿಚ್ಚು, ನನ್ನನ್ನು ಕಂಡು ಅವಳಿಗೆ!

ಅವಳೇ ನನ್ನನ್ನೂ ಅಮ್ಮನನ್ನೂ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರಮ್ಮ ನೋಡಿ, "ಇದ್ದಿಲು, ಉಪ್ಪು ಹಾಕಿ ಉಜ್ಜಿದ್ರೆ ಹಲ್ಲು ಸವೆಯುತ್ತೆ, ಒಸಡಿಗೆ ಗಾಯ ಆಗುತ್ತೆ," ಎಂದರು. "ಬುಡದಲ್ಲಿ ಕೊಳೆ ಕೂತು ಒಸಡು ಊದಿದ್ರೂ ರಕ್ತ ಬರುತ್ತೆ. ಹೆದರಿ ಬ್ರಷ್ ಬಿಟ್ಟರೆ ಕೊಳೆ ಇನ್ನೂ ಹೆಚ್ಚುತ್ತೆ."

"ಮತ್ತೆ ಹೇಗೆ ಉಜ್ಜಬೇಕು?" ಅಮ್ಮ ಕೇಳಿದಳು.

"ಮೆತ್ತನೆ ಬ್ರಷ್, ಫ್ಲೋರೈಡ್ ಇರೋ ಪೇಸ್ಟ್ ಬಟಾಣಿ ಕಾಳಷ್ಟು. ಎರಡು ನಿಮಿಷ, ಮೆಲ್ಲಗೆ. ಬೆಳಗ್ಗೆ ಒಂದು ಸಲ, ಮಲಗೋ ಮುಂಚೆ ಒಂದು ಸಲ. ರಾತ್ರಿ ಉಜ್ಜಿದ ಮೇಲೆ ನೀರು ಬಿಟ್ಟು ಏನೂ ಬೇಡ."

"ಅಕ್ಕನಷ್ಟು ಬಿಳಿ ಆಗುತ್ತಾ?" ನಾನು ಬಿಡಲಿಲ್ಲ.

"ಅವಳ ಹಲ್ಲಿನ ಬಣ್ಣ ಅವಳದು. ನಿನ್ನದು ಗಟ್ಟಿಯಾಗಿ ಉಳೀಲಿ." ಮುಂದಿನ ಹಲ್ಲಿನ ಕಚ್ಚು ನೋಡಿ ಕಾರಣ ಕೇಳಿ ತಿಳಿದು, "ದಾರಕ್ಕೆ ಕತ್ತರಿ ಇದೆ, ಹಲ್ಲು ಬೇಡ," ಎಂದರು. ಅವರು ಹಲ್ಲಿನ ಕೊಳೆ ತೆಗೆದು ಕಳಿಸಿದರು.

ದಾರಿಯಲ್ಲೇ ಅಮ್ಮ ನನಗೊಂದು ಪುಟ್ಟ ಕತ್ತರಿ, ಎಲ್ಲರಿಗೂ ಬೇರೆ ಬೇರೆ ಬ್ರಷ್ ಕೊಂಡಳು. ಅಜ್ಜಿ ಮೂಗು ಮುರಿದಳು. ಆಮೇಲೆ ಮೆಲ್ಲಗೆ, "ನನಗೂ ತಂದ್ಯಾ? ಮೂರಾದ್ರೂ ನನ್ನವೇ ತಾನೆ," ಎಂದಳು.

ಸೋಮವಾರವೂ ಹಲ್ಲಿನ ಕಚ್ಚು ಹಾಗೇ ಇತ್ತು. ನಾನು ಅಂಗೈ ಅಡ್ಡ ಇಡದೆ, ಬಾಯಿ ತುಂಬ ಹಾಡಿದೆ. ಮುಂದೆ ನಿಂತು ಹಾಡುವ ಜಾಗ ನನಗೇ ಸಿಕ್ಕಿತು. ಅಕ್ಕನ ಮುಖ ತುಸು ಸಪ್ಪಗಾಯಿತು. ಸುಳ್ಳೇಕೆ, ನನಗೆ ಖುಷಿಯಾಯಿತು.

ನಿಮಗೂ ಯಾರದಾದರೂ ನಗು ಕಂಡರೆ ಹೊಟ್ಟೆಕಿಚ್ಚೇ? ಆ ಸಿಟ್ಟನ್ನು ನಿಮ್ಮ ಹಲ್ಲಿನ ಮೇಲೆ ತೀರಿಸಬೇಡಿ. ಇವತ್ತು ಮಲಗುವ ಮುಂಚೆ ಎರಡು ನಿಮಿಷ ಹಲ್ಲುಜ್ಜಿ. ರಕ್ತ ಬಂದರೆ, ನೋವಿದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಹಾಲುಹಲ್ಲು ಬಿದ್ದರೆ ಇನ್ನೊಂದು ಹುಟ್ಟುತ್ತದೆ, ಆಮೇಲೆ ಬಂದದ್ದು ಹೋದರೆ ಹೋಯಿತು. ಅಕ್ಕನ ದವಡೆಯ ಆ ಜಾಗ ಇವತ್ತಿಗೂ ಖಾಲಿಯೇ ಇದೆ.