ಅಂಚಿನ ಮಸಕು

ಗಾಜಿನ ಮೇಲೆ ವಜ್ರದ ಮೊನೆ ಎಳೆದ ಸದ್ದು, ಕೀಚ್ ಎಂದು ಒಂದೇ ಗೆರೆ, ಆಮೇಲೆ ಅಖ್ತರ ಬೇಗಂ ಎರಡೂ ಹೆಬ್ಬೆರಳಿನಿಂದ ಒತ್ತಿದರು, ಗಾಜು ಟಪ್ಪೆಂದು ಇಬ್ಭಾಗವಾಯಿತು, ಒಂದು ಚೂರೂ ಉದುರಲಿಲ್ಲ — ಈ ಸದ್ದಿಗೆ ಹಲ್ಲು ಜುಮ್ಮೆನ್ನಬೇಕು, ಭಾಗ್ಯ ಕಾದಳು, ಎನ್ನಲಿಲ್ಲ, ಬೇರೆ ಯಾರದೋ ಬಾಯಿಯ ಹಲ್ಲುಗಳ ಹಾಗೆ ಸುಮ್ಮನಿದ್ದವು. ಕುಂದರಮ್ಮ ಬೇಟಾ, ನಿಂತ್ರ ಫೋಟೋ ಲಗೂನ ಬರ್ತದೇನು, ಎಂದರು ಬೇಗಂ, ಸ್ಟೂಲಿನ ಮೇಲಿನ ಮರದ ಪುಡಿಯನ್ನು ಸೆರಗಿನಿಂದ ಒರೆಸಿದರು, ಅವಳು ಕುಳಿತಳು. ವಾಡಿಯ ಸ್ಟೇಷನ್ ರಸ್ತೆ, ಹೊರಗೆ ಗೂಡ್ಸ್ ಗಾಡಿ ಹೊರಟಿದೆ, ಗೋಡೆಗೆ ಒರಗಿಸಿದ ಗಾಜುಗಳೆಲ್ಲ ಸಣ್ಣಗೆ ನಡುಗುತ್ತಿವೆ, ಗೋಡೆಯ ತುಂಬ ಚೌಕಟ್ಟುಗಳು, ಮಕ್ಕಾ, ಬುದ್ಧ, ಲಕ್ಷ್ಮಿ, ಶಾಲು ಹೊದಿಸಿಕೊಂಡ ಯಾರೋ ಮುಖ್ಯಗುರುಗಳು, ಅವುಗಳ ನಡುವೆ ಸತ್ತವರು, ಕುಂಕುಮದ ಚುಕ್ಕೆ ಇಟ್ಟವರು, ಟೋಪಿ ಹಾಕಿದವರು, ಒಬ್ಬಳು ಮುದುಕಿ ಕ್ಯಾಮೆರಾಕ್ಕೆ ಹೆದರಿ ಕಣ್ಣರಳಿಸಿದ್ದಾಳೆ, ಹೆದರಲಿ, ಮುಖವಂತೂ ಇದೆ, ಇಲ್ಲಿ ಎಲ್ಲರಿಗೂ ಒಂದೊಂದು ಮುಖವಿದೆ. ಭಾಗ್ಯಳ ಗಂಡ ಸಂಘಪಾಲನ ಚೌಕಟ್ಟು ಮಾತ್ರ ಮೇಜಿನ ಮೇಲೆ ಖಾಲಿ ಬಿದ್ದಿದೆ, ಸಾಗವಾನಿಯದು, ನಾಳೆ ಅವನ ಪುಣ್ಯಾನುಮೋದನೆ, ಸತ್ತವನ ಹೆಸರಿನಲ್ಲಿ ವಂದನೆ ಹೇಳಲು ವಿಹಾರದ ಭಂತೇಜಿ ಬೆಳಿಗ್ಗೆ ಬರುತ್ತಾರೆ, ಬುದ್ಧ, ಬಾಬಾಸಾಹೇಬ್, ಅವರ ಪಕ್ಕಕ್ಕೆ ಅವನು. ಗಂಡನ ಫೋಟೋ ಒಂದೂ ಇಲ್ಲೇನವಾ ನಿನ್ನ ಹತ್ರ, ಅತ್ತೆ ಲಾಲಮ್ಮ ಕೇಳಿದ್ದು ನಿನ್ನೆಯೋ ಮೊನ್ನೆಯೋ, ಇಬ್ರೂ ಕೂಡಿ ಐತವಾರಕ್ಕೊಮ್ಮೆ ಕ್ಯಾಮೆರಾ ಹೊತ್ಕೊಂಡು ಹೋಗ್ತಿದ್ರಿ, ಏನ್ ತೆಗೀತಿದ್ರಿ ಮತ್ತ. ಹಕ್ಕಿ, ಅತ್ತೆ. ಹಕ್ಕಿ ಫೋಟೋಕ ನಾ ಹೂವು ಹಾಕಲ್ಲ, ನನ್ನ ಮಗನ ಮುಖ ತಗೊಂಡು ಬಾ.

ಇಲ್ಲವೆಂದಲ್ಲ, ಆಧಾರ್ ಕಾರ್ಡಿನದು ಇತ್ತು, ದೊಡ್ಡದು ಮಾಡಿಸಿ ತೋರಿಸಿದರೆ ಅತ್ತೆ ಕನ್ನಡಕ ಹಾಕಿ ನೋಡಿ, ಇದು ಠಾಣೆದಾಗ ಕಳ್ಳರ ಸಾಲಿನಾಗ ಹಚ್ಚೂದು, ನನ್ನ ಮಗ ಅಲ್ಲ, ಎಂದಳು, ಮದುವೆಯ ಆಲ್ಬಮ್ ತೆರೆದರೆ, ಬಿಳಿ ಅಂಗಿಯಲ್ಲಿ ತೆಳ್ಳಗೆ ನಿಂತಿದ್ದ, ತಲೆ ತುಂಬ ಕೂದಲು, ಇಂವ ಹುಡುಗ, ಇಂವ ಎಲ್ಲಿ ಸತ್ತಾನ, ಸತ್ತಾಂವ ಬ್ಯಾರೆ, ಎಂದಳು, ಅದು ಸರಿಯಾಗಿಯೇ ಇತ್ತು, ಭಾಗ್ಯಳಿಗೂ ಹಾಗೆಯೇ ಅನಿಸಿತ್ತು, ಮುಂದಲೆ ಬೋಳಾದವನು ಬೇಕು, ಎಡಗಣ್ಣು ಕ್ಯಾಮೆರಾದ ಹಿಂದೆ ಮುಚ್ಚಿ ಮುಚ್ಚಿ ಆ ಕಡೆಯೇ ಹೆಚ್ಚು ನೆರಿಗೆ ಬಿದ್ದವನು. ಅವನ ಕಡೆ ಯಾರೂ ಕ್ಯಾಮೆರಾ ತಿರುಗಿಸಲಿಲ್ಲ. ಅಣ್ಣನ ಮಗಳ ಮದುವೆಯಲ್ಲಿ ಎಲ್ಲರೂ ಇದ್ದಾರೆ, ಅವನಿಲ್ಲ, ತೆಗೆದವನು ಅವನೇ, ಮಕ್ಕಳಿದ್ದರೆ ಮೊಬೈಲಿನಲ್ಲಿ ಹಿಡಿದಿರುತ್ತಿದ್ದವು, ಇರಲಿಲ್ಲ, ಮೊಬೈಲಿನ ಡಿಪಿ ಸಹ ಗೌಜಲಹಕ್ಕಿ, ಬಳಗದ ಪದ್ಧತಿ ಅದು, ಕಾಗಿಣಾ ಹಕ್ಕಿ ಬಳಗ, ಚಿತ್ತಾಪುರದವರು, ಸೇಡಂನವರು, ಶಹಾಬಾದಿನವರು, ಹೊಸ ವರ್ಷದಲ್ಲಿ ಯಾರು ಮೊದಲು ಯಾವ ಹಕ್ಕಿ ತೆಗೆಯುತ್ತಾರೋ ವರ್ಷವಿಡೀ ಅದೇ ಅವರ ಡಿಪಿ, ಅವನು ತೀರಿದ ದಿನ ಸುದ್ದಿ ವಾಟ್ಸಾಪ್ ಗುಂಪಿಗೆ ಹೋದ ಮೇಲೆ ಹಕ್ಕಿಗಳೇ ಒಂದೊಂದಾಗಿ ಸಂತಾಪ ಹೇಳಿದವು, ಮಿಂಚುಳ್ಳಿ ಕೈಮುಗಿಯಿತು, ಕಾಜಾಣ ಓಂ ಶಾಂತಿ ಎಂದಿತು, ಹುಂಡುಕೋಳಿ ಭಾಳ ಛಲೋ ಮನುಷ್ಯ ಇದ್ರು ಎಂದಿತು, ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಎಲ್ಲವನ್ನೂ ಓದಿದಳು, ಹುಂಡುಕೋಳಿ ಯಾರು ಎಂದು ನೆನಪಿಸಿಕೊಳ್ಳಲು ನೋಡಿದಳು, ಸೇಡಂನ ಸುರೇಶಕುಮಾರ ಇರಬೇಕು ಎಂದುಕೊಂಡಳು, ಅಷ್ಟೇ. ಹೊರಗೆ ಹೋದಾಗ ತೆಗೆದವು ನೂರಾರು ಇರಬೇಕಲ್ಲ, ದಂಡೋತಿಯ ಹೊಳೆ ದಂಡೆಯಲ್ಲಿ, ಚಿಂಚೋಳಿಯ ಕಾಡಿನಲ್ಲಿ, ಇವೆ, ಎಲ್ಲದರಲ್ಲೂ ಹಸಿರು ಮಫ್ಲರು ಮೂಗಿನ ಮೇಲೆ, ಟೊಪ್ಪಿಗೆ ಹುಬ್ಬಿನ ತನಕ, ನಮ್ಮ ಮುಖ ಹೊಳೀತದ, ಹಕ್ಕಿಗಿ ಅದು ದೂರದಿಂದನೇ ಕಾಣ್ತದ, ಮುಚ್ಕೋರಿ, ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದವನೇ ಅವನು. ಒಂದರಲ್ಲಿ ಬೆನ್ನು, ಒಂದರಲ್ಲಿ ಮೊಣಕೈ. ಚೌಕಟ್ಟಿನೊಳಗೆ ಮನುಷ್ಯರ ಗುರುತು ಇರಬಾರದು, ತಂತಿ ಇರಬಾರದು, ಪ್ಲಾಸ್ಟಿಕ್ ಇರಬಾರದು, ಇದ್ದರೆ ಸ್ಪರ್ಧೆಗೆ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಮೊಣಕೈಯನ್ನೂ ಕತ್ತರಿಸಿಯೇ ಇಡುತ್ತಿದ್ದರು. ಲಕ್ಷ್ಮಿಕಾಂತ, ಎಲ್ಲರ ಫೋಟೋ ನಿನ್ನ ಹತ್ರ ಅವಲ್ಲ, ಮುಖ ಕಾಣೂದು ಒಂದು ಹುಡುಕಿ ಕೊಡು, ಎಂದು ಅವಳು ಫೋನು ಮಾಡಿದ್ದಳು, ಚಿತ್ತಾಪುರದ ಕೋರ್ಟಿನಲ್ಲಿ ಟೈಪಿಸ್ಟ್ ಅವನು, ಬಳಗದ ಕಾರ್ಯದರ್ಶಿ, ನೋಡ್ತೀನ್ರಿ ವೈನಿ ಎಂದಿದ್ದ, ಇವತ್ತು ಬೆಳಿಗ್ಗೆ ಅವನೇ ಫೋನು ಮಾಡಿ, ಒಂದು ತರ್ಲಿಕತ್ತೀನಿ, ಕಲಬುರಗಿದಾಗ ಪ್ರಿಂಟ್ ಹಾಕ್ಸೀನಿ, ನೀವು ಫ್ರೇಮಿನ ಅಂಗಡಿಗಿ ಬಂದುಬಿಡ್ರಿ, ಎಂದ. ಹಾಗಾದರೆ ಸಿಕ್ಕಿರಬೇಕು. ಸಿಕ್ಕಿರಬೇಕು ಎಂದು ಅವಳು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡಳು, ಎದೆಯಲ್ಲಿ ಏನಾದರೂ ಅಲುಗುತ್ತದೆಯೇ ಎಂದು ನೋಡಿದಳು, ಗೂಡ್ಸ್ ಗಾಡಿಯ ಕೊನೆಯ ಡಬ್ಬಿ ದಾಟಿತು, ಗಾಜುಗಳು ನಿಂತವು.

ಚಹಾ ಕುಡೀತೀಯೇನು — ಬ್ಯಾಡ್ರಿ — ಕುಡಿ, ನಾ ಕುಡ್ಯೋದದ, ಒಬ್ಬಾಕಿ ಹ್ಯಾಂಗ ಕುಡೀಲಿ, ಬೇಗಂ ಥರ್ಮಾಸ್ ತೆಗೆದರು. ಚಹಾ ಬಿಸಿ ಇದೆ, ಬಿಸಿ ಎಂದು ತಿಳಿಯುತ್ತದೆ, ನಾಲಿಗೆ ಸುಡುತ್ತದೆ ಎಂದೂ ತಿಳಿಯುತ್ತದೆ. ಖಣಿಗೆ ಹೋದ ಬೆಳಿಗ್ಗೆ ಕೂಡ ಥರ್ಮಾಸಿನಲ್ಲಿ ಚಹಾ ಇತ್ತು, ಶಹಾಬಾದಿನ ಆಚೆ, ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದು ಬಿಟ್ಟುಹೋದ ಹಳೆಯ ಖಣಿ, ಮೆಟ್ಟಿಲುಮೆಟ್ಟಿಲಾಗಿ ಇಳಿದ ಗೋಡೆ, ತಳದಲ್ಲಿ ಹಸಿರು ನೀರು, ಎದುರುಗೋಡೆಯ ಅಂಚಿನಲ್ಲಿ ಕೊಂಬಿನ ಗೂಬೆ, ಎರಡು ಕಿವಿಗರಿ ನಿಮಿರಿಸಿ, ಕಿತ್ತಳೆ ಬಣ್ಣದ ಕಣ್ಣು ಅರ್ಧ ಮುಚ್ಚಿ. ನೀ ಇಲ್ಲಿಂದ ತೆಗಿ, ನಾ ಆ ಕಡಿ ಹೋಗ್ತೀನಿ, ಎಂದ ಸಂಘಪಾಲ, ಚಹಾ, ಎಂದಳು, ಬಂದು ಕುಡೀತೀನಿ, ಗೂಬಿ ನಮ್ಮ ಚಹಾ ಮುಗಿಯೂತನ ಕುಂದರ್ತದೇನು, ಎಂದ, ಸುತ್ತು ಹಾಕಿ ಎದುರು ದಂಡೆಗೆ ಹೋದ, ಗೂಬೆಯ ಎಡಕ್ಕೆ ಸ್ವಲ್ಪ ಹಿಂದೆ ಕಲ್ಲಿನ ರಾಶಿಯ ಮರೆಗೆ ಕುಳಿತ, ಅಲ್ಲಿಗೆ ಅವಳ ಮಟ್ಟಿಗೆ ಅವನು ಇಲ್ಲವಾದ, ಒಬ್ಬರು ಇನ್ನೊಬ್ಬರ ಕಡೆ ನೋಡಬಾರದು, ಬಾಯಿ ಬಿಡಬಾರದು, ಹಕ್ಕಿ ಹಾರಿಹೋಗುತ್ತದೆ. ಹೇಳಬೇಕಾದ್ದಿದ್ದರೆ ಕಲ್ಲಿಗೆ ಕಲ್ಲು ಕುಟ್ಟಬೇಕು, ಖಣಿಯ ಗೂಬೆಗೆ ಕಲ್ಲಿನ ಸದ್ದು ಹೊಸದಲ್ಲ, ಮೊಟ್ಟೆಯೊಡೆದ ದಿನದಿಂದ ಸುತ್ತಿಗೆಯ ಸದ್ದು ಕೇಳಿಯೇ ಬೆಳೆದಿರುತ್ತದೆ, ಇದೂ ಅವನೇ ಕಂಡುಹಿಡಿದದ್ದು, ಬಳಗದವರೆಲ್ಲ ಖಣಿಯಲ್ಲಿ ಇದನ್ನೇ ಬಳಸುತ್ತಾರೆ, ಕುಟ್ಟಿದರೆ ಅಲುಗಬೇಡ ಎಂದರ್ಥ, ಹಕ್ಕಿ ಏನೋ ಮಾಡಲಿದೆ, ಇದ್ದಲ್ಲೇ ಇರು. ಕುಟ್ಟಿದ. ಟಕ್, ಸ್ವಲ್ಪ ಹೊತ್ತಿಗೆ ಮತ್ತೆ ಟಕ್. ಅವಳು ಅಲುಗಲಿಲ್ಲ. ಉಸಿರು ಹಿಡಿದಳು. ಗೂಬೆ ಕಣ್ಣು ಪೂರ್ತಿ ತೆರೆದು ತಲೆ ತಿರುಗಿಸಿತು, ಬೆರಳು ಗುಂಡಿಯನ್ನು ಒತ್ತಿ ಹಿಡಿಯಿತು, ಟರ್ರ್ ಎಂದು ಫೋಟೋಗಳು ಸಾಲಾಗಿ ಬಿದ್ದವು, ಗೂಬೆ ಎದ್ದು ಹಾರಿತು, ಆಗ ತಲೆ ಎತ್ತಿ, ಬಂತು, ಛಲೋ ಬಂತು, ಎಂದು ಕೂಗಿದಳು, ಖಣಿಯ ಗೋಡೆ ಅವಳ ಮಾತನ್ನಷ್ಟೇ ತಿರುಗಿಸಿ ಕೊಟ್ಟಿತು, ಸುತ್ತು ಹಾಕಿ ಓಡಿ ಹೋದಾಗ ಅವನು ಕಲ್ಲಿನ ರಾಶಿಗೆ ಒರಗಿ ಕುಳಿತಿದ್ದ, ಮಫ್ಲರು ಕುತ್ತಿಗೆಗೆ ಇಳಿದಿತ್ತು, ಕೈಯಲ್ಲಿ ಅಂಗೈಯಗಲದ ಫರಸಿ ಚೂರು. ಹೃದಯಾಘಾತ ಎಂದರು ಡಾಕ್ಟರು, ಆ ಜಾಗದಿಂದ ಯಾರೂ ಉಳಿಸಲಿಕ್ಕೆ ಆಗ್ತಿರಲಿಲ್ಲರಿ ಮೇಡಂ ಎಂದರು, ಅದು ನಿಜವಿರಬಹುದು, ಅವಳು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು, ನಿಜವಿರಬಹುದಾದದ್ದನ್ನು ಒಪ್ಪಿಕೊಳ್ಳುತ್ತಾಳೆ. ಮುಚ್ಚಿದ ಕಣ್ಣಿನ ಆ ಮುಖ ನೆನಪಿದೆ, ಅದು ಬೇಡ, ಅದಕ್ಕೆ ಮೊದಲಿನದು ಬೇಕು, ನೆನೆಯಲು ಕುಳಿತರೆ ಮಫ್ಲರು ಬರುತ್ತದೆ, ಟೊಪ್ಪಿಗೆ ಬರುತ್ತದೆ, ನಡುವೆ ಏನೂ ಬರುವುದಿಲ್ಲ.

ಬೈಕು ನಿಂತ ಸದ್ದು, ಲಕ್ಷ್ಮಿಕಾಂತ ಒಳಗೆ ಬಂದ, ಕಂಕುಳಲ್ಲಿ ಉದ್ದನೆಯ ಕೊಳವೆ, ನಮಸ್ಕಾರ ವೈನಿ, ಲೇಟಾಯ್ತು, ರೈಲ್ವೆ ಗೇಟ್ ಹಾಕಿದ್ರು, ಕೊಳವೆಯಿಂದ ಸುರುಳಿ ಎಳೆದು ಮೇಜಿನ ಮೇಲೆ ಹಾಸಿದ, ಬೇಗಂ ಎರಡು ಮೂಲೆಗೆ ಎರಡು ಸುತ್ತಿಗೆ ಇಟ್ಟರು. ಗೂಬೆ. ಒಂದೊಂದು ಗರಿಯ ನಾರೂ ಎಣಿಸುವ ಹಾಗೆ. ಸರ್ ಅವರ ಮುಖ ಎಲ್ಲಿ ಹುಡುಕಿದ್ರೂ ಸಿಗಲಿಲ್ಲರಿ, ಎಲ್ಲಾದ್ರಾಗೂ ಮಫ್ಲರೇ, ಆದ್ರ ಇದು ಅವತ್ತಿಂದು, ನೀವ ತೆಗೆದಿದ್ದು, ನಿಮ್ಮ ಕ್ಯಾಮೆರಾದ ಕಾರ್ಡಿನಾಗಿತ್ತು, ಬಳಗದವರೆಲ್ಲ ಕೂಡಿ ಇದನ್ನೇ ಇಡಬೇಕಂತ ಮಾಡೀವಿ, ಇಂಥ ಗೂಬಿ ಈ ಜಿಲ್ಲಾದಾಗ ಯಾರೂ ತೆಗೆದಿಲ್ಲ ನೋಡ್ರಿ. ಯಾ ಅಲ್ಲಾ, ಕಣ್ಣು ನೋಡ್ರಿ ಇದರದು, ಎಂದರು ಬೇಗಂ, ಮನ್ಯಾಗ ಗೂಬಿ ಹಾಕ್ತಾರೇನಪ್ಪ ಯಾರರ. ಚಾಚಿ, ಇದು ಕಲೆ ಅದರಿ. ಕಲೆ ಇದ್ರ ನಿಮ್ಮ ಕೋರ್ಟಿನಾಗ ಹಾಕು, ಪಾಪ ಈಕಿ ಮನ್ಯಾಗ ಯಾಕ. ಭಾಗ್ಯ ಮುಖವಲ್ಲ ಎಂದು ನೋಡಿದಳು, ಮುಖವಲ್ಲ, ಸರಿ, ಆಮೇಲೆ ಕಣ್ಣು ತನ್ನಷ್ಟಕ್ಕೆ ರೂಢಿಯ ಕೆಲಸಕ್ಕೆ ಇಳಿಯಿತು, ಬೆಳಕು ಸರಿಯಿದೆ, ಚೂಪು ಸರಿಯಿದೆ, ಎಡಕ್ಕೆ ಜಾಗ ಸಾಲದು — ಹಕ್ಕಿ ನೋಡುವ ದಿಕ್ಕಿಗೆ ಜಾಗ ಬಿಡಬೇಕು, ಬಳಗದಲ್ಲಿ ಮೊದಲ ದಿನ ಕಲಿಸುವ ಪಾಠ, ಗೂಬೆ ಎಡಕ್ಕೆ ನೋಡುತ್ತಿದೆ, ಎಡಕ್ಕೇ ಕತ್ತರಿಸಿದ್ದಾನೆ, ಕೊಕ್ಕು ಅಂಚಿಗೆ ತಾಗುವ ಹಾಗೆ, ಬಲಕ್ಕೆ ಬರೀ ಕಲ್ಲುಗೋಡೆ ಉಳಿಸಿದ್ದಾನೆ, ಈ ತಪ್ಪನ್ನು ಲಕ್ಷ್ಮಿಕಾಂತ ಮಾಡುವವನಲ್ಲ. ಎಡಕ್ಕ ಯಾಕ ಕಟ್ ಮಾಡಿದಿ. ಅದಾ, ನಂಗೂ ಮನಸಿದ್ದಿಲ್ಲರಿ ವೈನಿ, ಖರೆ ಅಲ್ಲಿ ಏನೋ ಒಂದು ಮಸಕು ಬಂದಿತ್ತು, ಭಾಳ ಹಾಳು ಮಾಡ್ತಿತ್ತು, ತೆಗೆದುಬಿಟ್ಟೆ. ಏನಿತ್ತು. ಏನೋ, ಗೂಬಿ ಹಿಂದ, ಕಲ್ಲಿನ ರಾಶಿ ಹತ್ರ, ಫೋಕಸ್ ಇದ್ದಿಲ್ಲ, ಗುಂಡಗ. ಹಸಿರಿತ್ತೇನು. ಇಲ್ಲರಿ, ಕಂದು. ಪೂರಾ ಕಂದು? ಪೂರಾ ಕಂದು, ನಡುವ ಒಂದಿಷ್ಟು ಬೆಳ್ಳಗ. ಬೆಳ್ಳಗ ಎಲ್ಲಿ, ಮ್ಯಾಲೋ ಕೆಳಗೋ. ಕೆಳಗ ಅನಸ್ತದ, ಯಾಕ್ರಿ ವೈನಿ — ಅವನು ಪ್ರಿಂಟಿನ ಎಡ ಅಂಚಿನ ಮೇಲೆ ಕೈ ಇಟ್ಟ. ಕಂದು, ಹಸಿರಲ್ಲ, ಮಫ್ಲರು ಇಳಿದಿತ್ತು. ಬೆಳ್ಳಗಿನದು ಕೆಳಗೆ, ಹಲ್ಲು, ಬಾಯಿ ತೆರೆದಿತ್ತು, ಕಲ್ಲು ಕುಟ್ಟಿದ್ದು ಕರೆಯಲಿಕ್ಕೆ. ಮೂಲ ಫೋಟೋ? ಎಂದಳು, ಮತ್ತು ಕೇಳುತ್ತಿರುವಾಗಲೇ ಉತ್ತರ ಗೊತ್ತಿತ್ತು, ಕ್ಯಾಮೆರಾ ಅವರವರದು, ಕಾರ್ಡು ಬಳಗದ್ದು, ಕಾರ್ಯದರ್ಶಿ ಒಳ್ಳೆಯವನ್ನು ಆರಿಸಿ ತಿದ್ದಿ ಇಟ್ಟುಕೊಂಡು ಉಳಿದದ್ದನ್ನು ಅಳಿಸುತ್ತಾನೆ, ಮುಂದಿನ ಐತವಾರಕ್ಕೆ ಕಾರ್ಡು ಖಾಲಿಯಿರಬೇಕು. ಅಳಿಸೀನ್ರಿ, ಎಂದ ಲಕ್ಷ್ಮಿಕಾಂತ, ದನಿ ಕೆಳಗಿಳಿದಿತ್ತು, ಅಳಿಸಿದ್ರೂ ಹೊಳ್ಳಿ ತೆಗೀಲಿಕ್ಕೆ ಬರ್ತಿತ್ತು, ಆದ್ರ ಅದೇ ಕಾರ್ಡು ಸುರೇಶಕುಮಾರ ಚಿಂಚೋಳಿಗಿ ಒಯ್ದ, ವಿಡಿಯೋ ತುಂಬಿಸ್ಕೊಂಡು ಬಂದ, ಅದರ ಮ್ಯಾಲೇ... ವೈನಿ, ನಾ ಕಲ್ಲಂತ ತಿಳಕೊಂಡೆ. ಎಷ್ಟರಾಗಿತ್ತು ಅದು. ಮೊದಲಿನ ಮೂರರಾಗ. ಆಮ್ಯಾಲಿಂದವ್ರಾಗ ಇದ್ದಿಲ್ಲ, ನೀವೇ ಕ್ಯಾಮೆರಾ ಸ್ವಲ್ಪ ಬಲಕ್ಕ ಸರಿಸಿ ಹೊರಗ ಹಾಕಿದ್ರಿ.

ಸರಿಸಿದ್ದು ನೆನಪಿಲ್ಲ. ಸರಿಸಿರಬೇಕು, ಅಂಚಿನಲ್ಲಿ ಏನಾದರೂ ಬಂದರೆ ಕೈ ತಾನಾಗಿ ಸರಿಸುತ್ತದೆ, ಅದಕ್ಕೆ ಕೇಳಬೇಕಾಗಿಲ್ಲ. ಲಕ್ಷ್ಮಿಕಾಂತ ಬಾಗಿಲಿಗೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತ, ಹೆಗಲು ಅಲುಗುತ್ತಿತ್ತು, ಅವನು ಅಳುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು, ಚಹಾ ಬಿಸಿ ಎಂದು ತಿಳಿದ ಹಾಗೆ. ಬೇಗಂ ಒಮ್ಮೆ ಅವನನ್ನು ನೋಡಿದರು, ಒಮ್ಮೆ ಇವಳನ್ನು, ಭಾಗ್ಯ ತಂದಿದ್ದ ಆಧಾರ್ ಕಾರ್ಡಿನ ಫೋಟೋವನ್ನು ಚೌಕಟ್ಟಿನೊಳಗೆ ಇಟ್ಟು ನೋಡಿದರು, ಅವನ ತಾಯಿಗೆ ನಾ ಬಂದು ಹೇಳ್ತೀನಿ ಬೇಟಾ, ಇರೂದರಾಗ ಇದೇ ಇಡೋಣು, ಗೂಬಿ ಸುತ್ತಿಬಿಡ್ಲಾ, ಎಂದರು. ಬ್ಯಾಡ್ರಿ, ಸ್ವಲ್ಪ ಇರ್ಲಿ. ಕಲ್ಲಿನ ಸದ್ದಿಗೆ ಅದು ತಿರುಗುವುದಿಲ್ಲ, ಅದು ಖಣಿಯ ಗೂಬೆ, ಕಲ್ಲು ಕುಟ್ಟಿದರೆ ಕಣ್ಣು ಸಹ ತೆರೆಯುವುದಿಲ್ಲ, ಹಾಗಾದರೆ ಸದ್ದಿಗಲ್ಲ, ಬೇರೆ ಏನನ್ನೋ ಕಂಡು ತಿರುಗಿದೆ, ಹೊಳೆಯುವುದನ್ನು, ಮಫ್ಲರು ಇಳಿಸಿದ್ದನ್ನು. ಗೂಬೆಯ ಕಣ್ಣುಗುಡ್ಡೆ ಹೊರಳುವುದಿಲ್ಲ, ಎಂಟನೆಯ ತರಗತಿಯ ಮಕ್ಕಳಿಗೂ ಹೇಳುತ್ತಾಳೆ, ಗೂಬೆ ಓರೆನೋಟ ನೋಡಲಾರದು, ನೋಡಬೇಕೆಂದರೆ ಇಡೀ ಮುಖ ತಿರುಗಿಸಬೇಕು, ತಿರುಗಿಸಿದೆ, ಇಡೀ ಮುಖ, ಎರಡೂ ಕಣ್ಣು, ಕಿತ್ತಳೆ ಬಣ್ಣದ ಎರಡು ಉಂಗುರ, ನಡುವೆ ಕಪ್ಪು, ಕಾಗದ ಮುಗಿಯುವಲ್ಲಿಗೆ, ಕಾಗದದಿಂದ ಆಚೆಗೆ, ಮೇಜು, ಮೇಜಿನ ಮೇಲೆ ಗಾಜಿನ ಪುಡಿ, ಅಲ್ಲಿ ಏನೂ ಇಲ್ಲ, ಗೂಬೆ ಎಡಕ್ಕೆ ನೋಡುತ್ತಿದೆ, ರೆಪ್ಪೆ ಬಡಿಯದೆ, ಅಷ್ಟು ಹತ್ತಿರದಿಂದ, ಅವನನ್ನು ನೋಡುತ್ತಿದೆ, ಗೂಬೆ ಅವನನ್ನು ನೋಡುತ್ತಿದೆ, ಅವಳು ಗೂಬೆಯನ್ನು ನೋಡುತ್ತಿದ್ದಾಳೆ, ಗೂಬೆ ಎಡಕ್ಕೆ, ಎಡಕ್ಕೆ